ಸ್ವೆಟರಿನ ಮೊಣಕೈ

ಇಂದುಧರ ಮೇಷ್ಟ್ರು ಬೋರ್ಡಿನ ಮೇಲೆ ಲೆಕ್ಕ ಬರೆಯಲು ಕೈ ಎತ್ತಿದಾಗಲೆಲ್ಲ ಅವರ ಕಂದು ಸ್ವೆಟರಿನ ಮೊಣಕೈಯ ತೂತು ಅಗಲವಾಗಿ, ಒಳಗಿನ ಬಿಳಿ ಅಂಗಿ ಇಣುಕುತ್ತಿತ್ತು. ಎದುರು ಕೋಣೆಯಲ್ಲಿ ಹೊಲಿಗೆ ಕಲಿಸುತ್ತಿದ್ದ ನನಗೆ ಅದು ಕಿಟಕಿಯಿಂದ ಕಾಣುತ್ತಿತ್ತು. ಅದನ್ನು ಕಂಡು ಮಕ್ಕಳು ಒಮ್ಮೆಯೂ ನಗಲಿಲ್ಲ.

ನಕ್ಕವರು ಆ ವರ್ಷ ಶಾಲೆಯ ಆಡಳಿತ ಮಂಡಳಿಗೆ ಹೊಸದಾಗಿ ಬಂದ ಕಾರ್ಯದರ್ಶಿ ಪಾಲಾಕ್ಷಯ್ಯನವರು. ಒಂದು ಬೆಳಿಗ್ಗೆ ಪ್ರಾರ್ಥನೆ ಮುಗಿಯುತ್ತಲೇ, ಎಲ್ಲರೆದುರು ಆ ತೂತಿನೊಳಗೆ ಬೆರಳು ತೂರಿಸಿ, "ಏನ್ರೀ ಮೇಷ್ಟ್ರೇ, ಇಲಿ ಕಡಿದಿದೆಯೋ? ನಾಳೆ ಇದನ್ನ ಹಾಕ್ಕೊಂಡು ಬಂದ್ರೆ ಗೇಟಿನ ಹೊರಗೇ ನಿಂತ್ಕೊಳ್ಳಿ" ಎಂದರು.

ಮರುದಿನ ಆ ಕೊರೆಯುವ ಚಳಿಯಲ್ಲಿ ಮೇಷ್ಟ್ರು ಬರೀ ಅಂಗಿಯಲ್ಲಿ ಬಂದರು. ಲೆಕ್ಕದ ನಡುನಡುವೆ ಸೀಮೆಸುಣ್ಣ ಕೆಳಗಿಟ್ಟು ಅಂಗೈ ಉಜ್ಜಿಕೊಳ್ಳುತ್ತಿದ್ದರು.

"ಹೊಸದೊಂದು ತಗೋಬಾರದೇ?" ಎಂದು ಕೇಳಿದೆ.

"ಮೊಣಕೈ ಬಿಟ್ಟರೆ ಉಳಿದದ್ದೆಲ್ಲ ಗಟ್ಟಿಯಾಗಿದೆಯಲ್ಲಮ್ಮ. ಅವರು ನಕ್ಕರು ಅಂತ ಬಿಸಾಡಲೇ?"

"ಹಾಗಾದ್ರೆ ನನಗೆ ಕೊಡಿ."

ಮನೆಯಲ್ಲಿ ಸ್ವೇಡ್ ಚರ್ಮದ ಕೈಚೀಲವೊಂದಿತ್ತು. ಜೇನಿನ ಬಣ್ಣ, ಸವರಿದರೆ ಕರುವಿನ ಕಿವಿಯಂಥ ಮೆದು. ಅದನ್ನು ಕತ್ತರಿಸಿ ಮೊಟ್ಟೆಯಾಕಾರದ ಎರಡು ತುಂಡು ಮಾಡಿದೆ. ದಬ್ಬಳದಿಂದ ಅಂಚಿಗೆ ತೂತು ಹಾಕಿ, ದಪ್ಪ ನೂಲಿನಲ್ಲಿ ಎರಡೂ ಮೊಣಕೈಗೆ ಹೊಲಿದೆ. ಸ್ವೆಟರಿಗೆ ಹೊಂದುವ ಬಣ್ಣ ಹುಡುಕಲು ಹೋಗಲಿಲ್ಲ. ದೂರಕ್ಕೂ ಕಾಣಲಿ ಎಂದೇ ನನ್ನ ಹಟ.

ಸೋಮವಾರ ಮೇಷ್ಟ್ರು ಬೋರ್ಡಿಗೆ ಕೈ ಎತ್ತಿದಾಗ ಅಂಗಿ ಇಣುಕಲಿಲ್ಲ. ಮಧ್ಯಾಹ್ನ ಶಿಕ್ಷಕರ ಕೋಣೆಗೆ ಬಂದ ಪಾಲಾಕ್ಷಯ್ಯನವರು ಆ ತೇಪೆಗಳನ್ನು ದಿಟ್ಟಿಸಿ, "ಇದನ್ನ ಹೊಲಿದದ್ದು ಯಾರು?" ಎಂದರು. ಮೇಷ್ಟ್ರು ಬಾಯಿ ತೆರೆಯುವ ಮೊದಲೇ ನಾನು ಎದ್ದು ನಿಂತೆ.

"ನಾನು."

"ಈ ಚರ್ಮ ಎಲ್ಲೋ ನೋಡಿದ ಹಾಗಿದೆ."

"ನೋಡಿರ್ತೀರಿ. ಹೋದ ತಿಂಗಳ ವಾರ್ಷಿಕೋತ್ಸವದಲ್ಲಿ ಉತ್ತಮ ಶಿಕ್ಷಕಿ ಅಂತ ನೀವೇ ನನಗೆ ಕೊಟ್ಟ ಚೀಲ. ಈಗ ಉಪಯೋಗಕ್ಕೆ ಬಂತು."

ಅವರ ಮುಖ ಕಪ್ಪಿಟ್ಟಿತು. "ನಾಳೆಯಿಂದ ನೀವು ಬರೋದು ಬೇಡ."

ಕತ್ತರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಟೆ. ಹೆದರಿಕೆಯಾಗಲಿಲ್ಲವೆಂದರೆ ಸುಳ್ಳಾದೀತು, ಗೇಟು ದಾಟುವವರೆಗೆ ನಡಿಗೆ ಬಿರುಸು ಮಾಡಲಿಲ್ಲ, ಅಷ್ಟೆ.

ಮುಂದೆ ನಾನು ಅದೇ ಕೋಣೆಗೆ ಮರಳಿ ಹನ್ನೊಂದು ವರ್ಷ ಕಲಿಸಿದೆ. ಆದರೆ ನೆನಪಿನಲ್ಲಿ ಗಟ್ಟಿಯಾಗಿ ಉಳಿದದ್ದು ಅದಕ್ಕೆ ಮೊದಲು, ಕೆಲಸವಿಲ್ಲದೆ ಮನೆಯಲ್ಲಿದ್ದಾಗಿನ ಒಂದು ಸಂಜೆ. ಇಂಗ್ಲಿಷ್ ಮೇಷ್ಟ್ರು ಸವೆದ ಕೋಟು ತಂದು, ಇದರ ಮೊಣಕೈಗೂ ಅದೇ ಚರ್ಮದ ತೇಪೆ ಹಚ್ಚಿ ಎಂದು ಕೊಟ್ಟು ಹೋದರು. ಡ್ರಿಲ್ ಮೇಷ್ಟ್ರು ತಂದದ್ದು ಎರಡು ಸ್ವೆಟರು. ಕೊನೆಗೆ ಬಂದವಳು ಭೂಗೋಳ ಕಲಿಸುತ್ತಿದ್ದ ರೂತ್. ಅವಳ ಹಸಿರು ಸ್ವೆಟರಿನ ಎರಡೂ ತೋಳು ತಿರುಗಿಸಿ ನೋಡಿದೆ.

"ಎಲ್ಲೂ ಹರಿದೇ ಇಲ್ಲವಲ್ಲೇ?"

"ಇಲ್ಲ ಅಕ್ಕ. ಆದ್ರೂ ಹಚ್ಚಿ. ನಾಳೆ ಎಲ್ಲರೂ ತೇಪೆ ಹಚ್ಚಿದ್ದನ್ನೇ ಹಾಕ್ಕೊಂಡು ಶಾಲೆಗೆ ಹೋಗ್ತೀವಿ. ನೀವೂ ಬರಬೇಕು, ನಮ್ಮ ಮುಂದೆ."

ಹೊಸ ಉಣ್ಣೆ ಇನ್ನೂ ಯಾರ ಮೈಗೂ ಒಗ್ಗದೆ ಬಿಗಿಯಾಗಿತ್ತು. ತೋಳನ್ನು ತೊಡೆಯ ಮೇಲೆ ಹರಡಿಕೊಂಡೆ. ರೂತ್ ಹೊಸ್ತಿಲ ಬಳಿ ಬೆಳಕಿಗೆ ಹಿಡಿದು ಸೂಜಿಗೆ ನೂಲು ಪೋಣಿಸಿಕೊಟ್ಟಳು.