ಥಾಣೆಯಲ್ಲಿ ಹತ್ತಿದವರು

ನನಗೆ ಹೊಟ್ಟೆಕಿಚ್ಚು ಜಾಸ್ತಿ, ಮೊದಲೇ ಹೇಳಿಬಿಡುತ್ತೇನೆ. ಬೆಳಗಿನ ಥಾಣೆ ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ ಶಿವಕುಮಾರಿ ಪಕ್ಕದ ಸೀಟು ಆರು ವರ್ಷದಿಂದ ನನ್ನದು. ದಾದರ್ ಬರುವವರೆಗೆ ನಮ್ಮಿಬ್ಬರದೊಂದು ಆಟ. ದಿನಕ್ಕೊಬ್ಬರು ನೋಟುಬುಕ್ಕಿನಲ್ಲಿ ಹೊಸ ನಿಯಮ ಬರೆಯಬೇಕು, ಇಲ್ಲವೇ ಹಳೆಯದನ್ನು ತಿದ್ದಬೇಕು. ಅನುಮಾನ ಬಂದರೆ ಬರೆದವರು ಹೇಳಿದ್ದೇ ಅರ್ಥ. ತಪ್ಪಿದವರು ಎದ್ದು ನಿಲ್ಲಬೇಕು. ಹುಚ್ಚಾಟವೇ, ಆದರೆ ಅದಿಲ್ಲದೆ ನನ್ನ ದಿನ ಶುರುವಾಗುತ್ತಿರಲಿಲ್ಲ.

ಎಲ್ಲಿಂದ ವಕ್ಕರಿಸಿದಳೋ ಈ ಮಾಧುರಿ. ಥಾಣೆ ಬಿಟ್ಟು ಮೂರನೇ ಸ್ಟೇಷನ್ ಭಾಂಡುಪ್‌ನಲ್ಲಿ ಹತ್ತುವ ಹುಡುಗಿ, ಅರ್ಧ ಕನ್ನಡ, ಅರ್ಧ ಹಿಂದಿ. ಶಿವಕುಮಾರಿ ಮೊದಲು ಆಕೆಯ ಬ್ಯಾಗು ತೊಡೆಯ ಮೇಲಿಟ್ಟುಕೊಂಡಳು, ಮರುವಾರ ಸರಿದು ಜಾಗ ಕೊಟ್ಟಳು, ಆಮೇಲೆ ಆಟಕ್ಕೂ ಸೇರಿಸಿದಳು. ನನ್ನ ಮಾತಿಗೆ ಮುಗುಳ್ನಗುವವಳು ಆಕೆಯ ಮಾತಿಗೆ ಬಿದ್ದು ಬಿದ್ದು ನಗುತ್ತಿದ್ದಳು. ನನಗೆ ಮೈಯೆಲ್ಲ ಉರಿಯಿತು. ಸೋಮವಾರ ನನ್ನ ಸರದಿ ಬಂದಾಗ ಬರೆದೆ: 'ಥಾಣೆಯಲ್ಲಿ ಹತ್ತಿದವರು ಮಾತ್ರ ಕೂತು ಆಡಬೇಕು.'

ಸಿಟ್ಟಿನಲ್ಲಿ ಒಂದು ಸಂಗತಿ ಮರೆತಿದ್ದೆ. ನಾನೂ ಥಾಣೆಯಲ್ಲಿ ಹತ್ತುವವಳಲ್ಲ. ಎರಡು ವರ್ಷದ ಹಿಂದೆ ಮನೆ ಥಾಣೆಯ ಮುಂದಿನ ಸ್ಟೇಷನ್ ಮುಲುಂಡ್‌ಗೆ ಬದಲಾಯಿಸಿದ್ದೆವು. ಹೇಳಿದರೆ ಶಿವಕುಮಾರಿ ಪಕ್ಕದ ಸೀಟನ್ನು ಬೇರೆಯವರಿಗೆ ಕೊಟ್ಟಾಳು ಎಂದು ಹೆದರಿ ಹೇಳಿರಲಿಲ್ಲ. ದಿನಾ ಮುಲುಂಡ್‌ನಲ್ಲಿ ಥಾಣೆಗೆ ಹೋಗುವ ಗಾಡಿ ಹತ್ತಿ, ಅಲ್ಲಿ ಇಳಿಯದೆ ಕೂತಲ್ಲೇ ಕೂತು ವಾಪಸ್ ಬರುತ್ತಿದ್ದೆ. ಮುಂಬೈಯಲ್ಲಿ ಇದಕ್ಕೆ ರಿಟರ್ನ್ ಬರುವುದು ಎನ್ನುತ್ತಾರೆ.

ಮಂಗಳವಾರ ಮುಲುಂಡ್‌ನಲ್ಲಿ ಗಾಡಿ ಹತ್ತಿದರೆ ಕಿಟಕಿಯ ಬಳಿ ಮಾಧುರಿ. ಅವಳೂ ಭಾಂಡುಪ್‌ನಿಂದ ರಿಟರ್ನ್ ಬರುತ್ತಿದ್ದಳು. ಪಕ್ಕದ ಸೀಟಿಗೆ ಕರ್ಚೀಫು ಹಾಕಿ ಶಿವಕುಮಾರಿಗೆಂದು ಹಿಡಿದಿದ್ದಳು. ಅದು ದಿನಾ ನಾನು ಮಾಡುವ ಕೆಲಸ. ಕರ್ಚೀಫಿನ ಆಚೆಯ ಸೀಟಿನಲ್ಲಿ ನಾನು ಕೂತೆ.

ಥಾಣೆಯಲ್ಲಿ ಶಿವಕುಮಾರಿ ಹತ್ತಿ ನಮ್ಮ ನಡುವೆ ಕೂತಳು. ಮಾಧುರಿ ತಾನಾಗಿಯೇ ಕೇಳಿದಳು: "ಅಕ್ಕಾ, ನಾ ಭಾಂಡುಪ್‌ದಾಗ ಕುಂತು ರಿಟರ್ನ್ ಬಂದೀನಿ. ಇದು ಥಾಣೆದಾಗ ಹತ್ತಿಧಂಗ ಆಗ್ತದ ಕ್ಯಾ?"

"ನಿಯಮ ಬರದಾಕಿನ ಹೇಳ್ಬೇಕು," ಎಂದು ಶಿವಕುಮಾರಿ ನನ್ನತ್ತ ತಿರುಗಿದಳು. "ಹೇಳ್ ಮಹಾದೇವಿ."

ಆಗುತ್ತದೆ ಎಂದರೆ ಅವಳು ದಿನಾ ಇಲ್ಲೇ. ಆಗುವುದಿಲ್ಲ ಎಂದರೆ ಅವಳು ಏಳಬೇಕು, ಅವಳು ಬಾಯಿಬಿಟ್ಟರೆ ನಾನೂ ಏಳಬೇಕು. ಹಾಳು ಹೊಟ್ಟೆಕಿಚ್ಚು ಕೇಳಬೇಕಲ್ಲ.

"ಆಗೂದಿಲ್ಲ," ಎಂದೆ. "ಥಾಣೆ ಪ್ಲಾಟ್‌ಫಾರ್ಮಿನಿಂದ ಒಳಗ ಕಾಲಿಟ್ಟವ್ರು ಮಾತ್ರ ಹತ್ತಿಧಂಗ."

ಮಾಧುರಿ ನನ್ನನ್ನು ಒಮ್ಮೆ ನೋಡಿದಳು. ಮುಲುಂಡ್‌ನ ಸುದ್ದಿ ತೆಗೆಯದೆ ಬ್ಯಾಗು ಎತ್ತಿಕೊಂಡು ಎದ್ದಳು. ಗೆದ್ದೆ ಅಂದುಕೊಂಡೆ.

"ಮತ್ತ ನೀ?" ಎಂದಳು ಶಿವಕುಮಾರಿ.

"ನಾ ಏನು?"

"ಎರಡು ವರ್ಷಾತು, ಗಾಡಿ ಬಂದು ನಿಲ್ಲೂದರಾಗ ನೀ ಒಳಗ ಕುಂತಿರ್ತಿ. ನನಗ ಗೊತ್ತಾಗೂದಿಲ್ಲೇನು? ನೀನ ಹೇಳ್ತಿ ಅಂತ ಕಾಯ್ಲಿಕತ್ತಿದ್ದೆ. ಈಕಿ ಮೊದಲನೇ ದಿನಾನ ಹೇಳಿದ್ಲು."

ನಿಯಮ ನನ್ನದೇ. ಎದ್ದು ಮಾಧುರಿಯ ಪಕ್ಕ ನಿಂತೆ. ನನ್ನ ಸೀಟಿನಲ್ಲಿ ಆಗಲೇ ಯಾರೋ ಕೂತಿದ್ದರು.

ಶಿವಕುಮಾರಿ ಕೈಚಾಚಿ ನಮ್ಮಿಬ್ಬರ ಬ್ಯಾಗನ್ನೂ ತೊಡೆಯ ಮೇಲಿಟ್ಟುಕೊಂಡಳು. ಮಾಧುರಿಯದನ್ನು ಮೊದಲು ತೆಗೆದುಕೊಂಡಳು, ನಾನು ನೋಡಿದೆ.