ನಲವತ್ತೊಂದು ಹೊಲದವರು ಕೇಳಿದ ಮಾತು

ದೇವಾಪುರದ ಶಂಕ್ರಮ್ಮನಿಗೆ ಓದು ಬರಹ ಬಾರದು. ಆದರೆ ಅವಳ ವಾಟ್ಸಾಪ್ ಗ್ರೂಪಿನಲ್ಲಿ ನಲವತ್ತೊಂದು ಹೊಲದವರಿದ್ದರು. ನಗುವವರು ನಗಲಿ. ಭತ್ತದ ಸಸಿ ಹಚ್ಚುವ ಹದಿನಾರು ಹೆಣ್ಣುಮಕ್ಕಳ ತಂಡಕ್ಕೆ ಅವಳೇ ಮುಂದಾಳು. ಕಾಲುವೆ ಬಂದ ಮೇಲೆ ಈ ಕಡೆ ಭತ್ತಕ್ಕೇನು ಬರವಿಲ್ಲ. ಆದರೂ ಇಪ್ಪತ್ತು ವರ್ಷ ಸೊಂಟ ಬಗ್ಗಿಸಿ ದುಡಿದವಳಿಗೆ ಯಾವ ಹೊಲ ಯಾರದೆಂದು ಗೊತ್ತಿರಲಿಲ್ಲ. ಹೆಸರು, ನಂಬರು ಎಲ್ಲವೂ ಹೊಲಗಳಿಗೆ ಕೂಲಿಯಾಳು ಒದಗಿಸುವ ಸಂಗಣ್ಣ ಮೇಸ್ತ್ರಿಯ ಫೋನಿನಲ್ಲಿ. ಬೆಳಿಗ್ಗೆ ಅವನ ಟಂಟಂ ಆಟೊ ಬರುತ್ತಿತ್ತು, ಇವರು ಹತ್ತುತ್ತಿದ್ದರು, ಇಳಿಸಿದಲ್ಲಿ ಇಳಿಯುತ್ತಿದ್ದರು. ದನಕ್ಕಾದರೂ ತನ್ನ ಯಜಮಾನ ಯಾರೆಂದು ತಿಳಿದಿರುತ್ತದೆ.

ಹೋದ ವರ್ಷ ಶಂಕ್ರಮ್ಮ ಒಂದು ಹಟ ಹಿಡಿದಳು. ಬುತ್ತಿ ಬಿಚ್ಚುವ ಹೊತ್ತಿಗೆ ಬದುವಿನ ಮೇಲೆ ಬಂದ ಹೊಲದವರ ಹತ್ತಿರ ಹೋಗಿ ನಂಬರು ಕೇಳತೊಡಗಿದಳು. ತಂಡದಲ್ಲಿ ಎಲ್ಲರಿಗಿಂತ ಚಿಕ್ಕವಳಾದ, ಹತ್ತನೆಯ ಇಯತ್ತೆ ಓದಿದ ರೇಣಮ್ಮ ಅವನ್ನೆಲ್ಲ ಸೇರಿಸಿ ಗ್ರೂಪು ಮಾಡಿದಳು. ಸುಮ್ಮನೆ ಕೆಲಸ ಕೊಡಿ ಎಂದರೆ ಯಾರು ಕೇಳುತ್ತಾರೆ? ಕಾಲುವೆಯ ಕೊನೆಯ ಹೊಲದವರಿಗೆ ನೀರಿನದೇ ಚಿಂತೆ. ಎಲ್ಲಿಯತನಕ ಬಂತೆಂದು ನೋಡಲು ಗಾಡಿ ಹತ್ತಿ ಅಲೆಯಬೇಕಿತ್ತು. ದಿನಾ ಕಾಲುವೆ ದಾಟಿಯೇ ಕೆಲಸಕ್ಕೆ ಹೋಗುವ ಶಂಕ್ರಮ್ಮ, ಇವತ್ತು ನೀರು ಯಾವ ತೂಬಿನವರೆಗೆ ಬಂದಿದೆ ಎಂದು ಬೆಳಿಗ್ಗೆ ಫೋನಿನ ಮೇಲೆ ಬೆರಳು ಒತ್ತಿ ಹಿಡಿದು ಗ್ರೂಪಿಗೆ ಬಾಯಲ್ಲೇ ಹೇಳಿ ಕಳಿಸುತ್ತಿದ್ದಳು. ಅದನ್ನು ಒಬ್ಬರಿಗೊಬ್ಬರು ದಾಟಿಸಿ, ಸುರಪುರದಿಂದ ಶಹಾಪುರದ ಕಡೆಯವರೆಗೂ ಜನ ಸೇರಿದರು. ಕೇಳುವವರು ಕೇಳುತ್ತಿದ್ದರು, ಕೆಲಸಕ್ಕೆ ಮಾತ್ರ ಸಂಗಣ್ಣನನ್ನೇ ಕರೆಯುತ್ತಿದ್ದರು. ನೇರವಾಗಿ ಒಬ್ಬನಾದರೂ ಕರೆಯಲಿ ಎಂಬುದೊಂದೇ ಶಂಕ್ರಮ್ಮನ ಆಸೆ.

ಈ ಸಲ ಸಂಗಣ್ಣ ತಂಡವನ್ನು ಮೂರು ದಿನ ತನ್ನ ಬೀಗರ ಹೊಲದಲ್ಲೇ ಇಟ್ಟುಕೊಂಡ. ಮೂರನೆಯ ದಿನ ಬದುವಿನ ಮೇಲೆ ನಿಂತು ಅವನು ಫೋನಿನಲ್ಲಿ ಯೂನುಸನಿಗೆ ಹೇಳುತ್ತಿದ್ದುದು ಶಂಕ್ರಮ್ಮನ ಕಿವಿಗೆ ಬಿತ್ತು. ಯೂನುಸನ ಹೊಲ ಕಾಲುವೆಯ ಕೊನೆಗೆ, ಅವನ ಸಸಿಗೆ ಆಗಲೇ ನಲವತ್ತು ದಿನ, ಹಚ್ಚುವ ಹದ ಮೀರಿತ್ತು. ಹೆಣ್ಣಾಳುಗಳು ಬರುತ್ತಿಲ್ಲ, ಸೊಕ್ಕು ಬಂದಿದೆ ಎಂದು ಸಂಗಣ್ಣ ನಗುತ್ತಾ ಹೇಳಿದ. ಶಂಕ್ರಮ್ಮನ ಪಿತ್ತ ನೆತ್ತಿಗೇರಿತು. ಅವನು ಅತ್ತ ಹೋದದ್ದೇ ತಡ, ಅಂದು ಕೆಲಸಕ್ಕೆ ಬಾರದೆ ಮನೆಯಲ್ಲಿ ಉಳಿದಿದ್ದ ತಂಡದ ಇಬ್ಬರಿಗೂ ತಿಳಿಯಲೆಂದು ಫೋನು ತೆಗೆದು, ಹೆಣ್ಣುಮಕ್ಕಳದೇ ಆದ ಇನ್ನೊಂದು ಗ್ರೂಪಿಗೆಂದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಹಾಕಿದಳು. ಮೇಸ್ತ್ರಿ ಬೀಗರಿಗಾಗಿ ಯೂನುಸನ ಸಸಿ ಮುದಿ ಮಾಡಿದ, ಹೆಸರು ನಮ್ಮದು ಕೆಡಿಸಿದ ಎಂದಳು.

ಆದರೆ ಅವಳು ಗ್ರೂಪು ಗುರುತಿಸುವುದು ಚಿತ್ರ ನೋಡಿ. ರೇಣಮ್ಮ ಎರಡಕ್ಕೂ ಒಂದೇ ಸಸಿ ಕಟ್ಟಿನ ಚಿತ್ರ ಹಾಕಿದ್ದಳು. ಮಾತು ಹೋದದ್ದು ನಲವತ್ತೊಂದು ಹೊಲದವರಿಗೆ.

ಹೊಲದವರಲ್ಲಿ ಯಾರೋ ಸುದ್ದಿ ಮುಟ್ಟಿಸಿರಬೇಕು, ಅರ್ಧ ತಾಸಿನಲ್ಲಿ ಸಂಗಣ್ಣನ ಬೈಕು ಬದುವಿಗೆ ಬಂತು. ಮಾತು ಅಳಿಸಬೇಕು, ಸುಳ್ಳು ಹೇಳಿದೆ ಎಂದು ಅದೇ ಬಾಯಲ್ಲಿ ಹೇಳಿ ಹಾಕಬೇಕು, ಇಲ್ಲವೆಂದರೆ ನಾಳೆಯಿಂದ ಹದಿನಾರರಲ್ಲಿ ಒಬ್ಬಳಿಗೂ ಎಲ್ಲೂ ಕೆಲಸವಿಲ್ಲ. ಇಷ್ಟೇ ಅವನ ಮಾತು. ರೇಣಮ್ಮ ಹತ್ತಿರ ಬಂದು, ಈಗಲೂ ಅಳಿಸಬಹುದು, ಒತ್ತಿದರೆ ಮುಗಿಯಿತು ಎಂದು ಪಿಸುಗುಟ್ಟಿದಳು. ಉಳಿದವರು ಕೆಸರಿನಲ್ಲಿ ನಿಂತು ಶಂಕ್ರಮ್ಮನ ಮುಖವನ್ನೇ ನೋಡುತ್ತಿದ್ದರು. ತನ್ನೊಬ್ಬಳದಾಗಿದ್ದರೆ ಬೇರೆ ಮಾತು, ಇಲ್ಲಿ ಅಷ್ಟೂ ಮನೆಯ ಒಲೆಯ ಪ್ರಶ್ನೆ. ಆದರೆ ಒಂದು ಮಾತು ಅವಳ ತಲೆಗೆ ಹೊಳೆಯಿತು. ಇವನು ಅಳಿಸು ಎನ್ನುತ್ತಿದ್ದಾನೆ, ನನ್ನ ಬಾಯಲ್ಲಿ ಸುಳ್ಳು ಅನಿಸಲು ನೋಡುತ್ತಿದ್ದಾನೆ, ತಾನು ಮಾತ್ರ ಅದು ಸುಳ್ಳೆಂದು ಒಮ್ಮೆಯೂ ಅನ್ನಲಿಲ್ಲ.

“ನಾ ಅಂದಿದ್ದರಾಗ ಸುಳ್ಳು ಯಾವುದು ಹೇಳ್ರಿ ಅಣ್ಣಾರ,” ಎಂದಳು.

“ಅದೆಲ್ಲಾ ಬ್ಯಾಡ. ಮೊದ್ಲ ಅಳಿಸು.”

ಶಂಕ್ರಮ್ಮ ಸೆರಗಿಗೆ ಕೈ ಒರೆಸಿದಳು. ಈ ಸಲ ಯಾವ ಗ್ರೂಪೆಂದು ರೇಣಮ್ಮನಿಗೆ ತೋರಿಸಿ ಖಾತ್ರಿ ಮಾಡಿಕೊಂಡೇ ಬೆರಳು ಒತ್ತಿದಳು.

“ನಾ ದೇವಾಪುರದ ಶಂಕ್ರಮ್ಮ ಮಾತಾಡಾಕತ್ತೇನ್ರಿ. ಮೊದ್ಲಿನ ಮಾತು ನಮ್ಮ ಹೆಣ್ಮಕ್ಕಳಿಗಂತ ಅಂದಿದ್ದು, ತಪ್ಪಿ ನಿಮಗ ಬಂದದ. ಆದ್ರ ಮಾತು ಖರೇ ಅದ, ನಾ ಅಳಿಸಂಗಿಲ್ಲ. ಸಂಗಣ್ಣ ಮೇಸ್ತ್ರಿ ಇಲ್ಲೇ ನಿಂತಾರ. ಸುಳ್ಳಿದ್ರ ಅವರ ಬಾಯಿಲೇ ಕೇಳ್ರಿ.”

ಬೆರಳು ತೆಗೆಯದೆ ಫೋನನ್ನು ಅವನ ಬಾಯಿಯ ಹತ್ತಿರ ಹಿಡಿದಳು. ಸಂಗಣ್ಣ ತುಟಿ ಪಿಟಕ್ಕೆನ್ನಲಿಲ್ಲ. ಪಕ್ಕದ ಕಾಲುವೆಯಲ್ಲಿ ನೀರು ಹರಿಯುವ ಸಪ್ಪಳವಷ್ಟೇ ಇತ್ತು. ಫೋನನ್ನು ಸಾಕಷ್ಟು ಹೊತ್ತು ಹಾಗೇ ಹಿಡಿದು, ಆಮೇಲೆ ಬೆರಳು ಬಿಟ್ಟಳು. ಮೇಸ್ತ್ರಿಯ ಮೌನ ನಲವತ್ತೊಂದು ಹೊಲದವರಿಗೆ ಹೋಯಿತು.

ಅವನು ಬೈಕಿನ ಕಿಕ್ ಒದ್ದು ಹೊರಟುಹೋದ. ಏಳು ಜನ ಗ್ರೂಪು ಬಿಟ್ಟರು. ಉಳಿದವರು ಕೇಳಿದರೇ ಹೊರತು ಒಬ್ಬರೂ ಉತ್ತರಿಸಲಿಲ್ಲ. ಹಿಡಿದ ಮಡಿ ಅರ್ಧಕ್ಕೆ ಬಿಡುವುದು ಅವರ ಜಾಯಮಾನವಲ್ಲ, ಬೀಗರದಾದರೇನು ಎಂದು ಎಲ್ಲರೂ ಮತ್ತೆ ಬಗ್ಗಿದರು.

ಕೊನೆಯ ಸಾಲು ಮುಗಿಸಿ ಕಾಲು ತೊಳೆಯುವಾಗ ಫೋನು ಸದ್ದು ಮಾಡಿತು. ಎಲ್ಲರೂ ಕೇಳಲೆಂದು ರೇಣಮ್ಮ ಜೋರಾಗಿ ಇಟ್ಟಳು. ಯೂನುಸನ ದನಿ.

“ಶಂಕ್ರಮ್ಮಾ, ಎರಡೂ ಕೇಳೀನಿ. ಮುಂಜಾನಿ ಟಂಟಂ ಎಲ್ಲಿಗಿ ಕಳಸ್ಲಿ?”

ಹದಿನೈದು ವರ್ಷದಿಂದ ಅವಳು ಆ ಹೊಲದಲ್ಲಿ ಸಸಿ ಹಚ್ಚುತ್ತಾ ಬಂದಿದ್ದಳು. ಆದರೂ ದಾರಿಯನ್ನು ಹೊಲದವನ ಬಾಯಿಂದ ಒಮ್ಮೆಯೂ ಕೇಳಿರಲಿಲ್ಲ. ಬೆರಳು ಒತ್ತಿ ಹೇಳಿದಳು:

“ಟಂಟಂ ನಾವೇ ಮಾಡ್ಕೊಂಡು ಬರ್ತೀವ್ರಿ. ನಿಮ್ಮ ಹೊಲದ ದಾರಿ ಹೇಳ್ರಿ.”