ಗಾಳಿ ಬಿಡದ ಚಕ್ರ

"ಇದೊಂದು ಗಾಳಿ ಬಿಡ್ತಾ ಇದೆಯಮ್ಮ," ಅಂದುಬಿಟ್ಟ ತೌನೊ.

ಅಂದಮೇಲೇ ತಾನು ಹೇಳಿದ್ದು ಸುಳ್ಳೆಂದು ಅವನಿಗೆ ಹೊಳೆದದ್ದು. ಎಪ್ಪತ್ತಾರು ವರ್ಷದ ಬಾಳಿನಲ್ಲಿ ಅವನು ಸುಳ್ಳನ್ನೇ ಹೇಳಿರಲಿಲ್ಲ ಎಂದಲ್ಲ. ಹಿಡಿದ ಮೀನಿನ ಉದ್ದ, ಕುಡಿದ ಲೋಟಗಳ ಸಂಖ್ಯೆ, ಇಂಥವುಗಳಲ್ಲಿ ಎಲ್ಲರ ಹಾಗೆ ಅವನೂ ಧಾರಾಳಿಯೇ. ಆದರೆ ಟೈರಿನ ವಿಷಯದಲ್ಲಿ ಅವನ ಬಾಯಿಂದ ಒಂದು ಹುಸಿ ಮಾತೂ ಬಂದದ್ದಿಲ್ಲ. ಮೂವತ್ತೆಂಟು ವರ್ಷ ಹಿಮ ತೆಗೆಯುವ ಲಾರಿ ಓಡಿಸಿದವನು. ಯಾವ ರಸ್ತೆ ಯಾವತ್ತು ಕೈಕೊಡುತ್ತದೆ ಎಂಬುದು ತೌನೊನ ಅಂಗಾಲಿಗೇ ಗೊತ್ತು ಎಂದು ಆ ಕೆರೆಯ ಸುತ್ತಿನವರೆಲ್ಲ ಹೇಳುತ್ತಿದ್ದರು.

"ಹೌದಾ ಮಾವ? ಯಾವುದು?" ಎಂದಳು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ಸತು.

ಸತು ಅವನ ಸೊಸೆ. ಮಗ ವೇಸ ಕಾಯಿಲೆಯಲ್ಲಿ ತೀರಿಕೊಂಡು ಐದು ವರ್ಷವಾಗಿತ್ತು. ಮಗ ಹೋದರೂ ಸೊಸೆ ಬರುವುದು ನಿಂತಿರಲಿಲ್ಲ. ಅಕ್ಟೋಬರಿನಲ್ಲಿ ಒಂದು ಭಾನುವಾರ, ಏಪ್ರಿಲಿನಲ್ಲಿ ಒಂದು ಭಾನುವಾರ, ಎಪ್ಪತ್ತು ಕಿಲೋಮೀಟರು ಆಚೆಯ ಪೇಟೆಯಿಂದ ತನ್ನ ಪುಟ್ಟ ನೀಲಿ ಕಾರಿನಲ್ಲಿ ಬರುತ್ತಿದ್ದಳು. ಬೇಸಗೆಯ ಟೈರು ಬಿಚ್ಚಿ, ಮಂಜುಗಡ್ಡೆಯ ಮೇಲೆ ಜಾರದಂತೆ ಮೊಳೆ ಕೂರಿಸಿದ ಚಳಿಗಾಲದ ಟೈರು ಹಾಕುವುದು, ಹಿಮ ಕರಗಿದಮೇಲೆ ಮತ್ತೆ ಅದಲುಬದಲು. ಬಿಚ್ಚಿದ್ದನ್ನು ತೌನೊ ತೊಳೆದು, ಗ್ರಿಪ್ಪಿನ ಸಂದಿಯಲ್ಲಿ ಸಿಕ್ಕಿಕೊಂಡ ಕಲ್ಲುಗಳನ್ನು ಸ್ಕ್ರೂಡ್ರೈವರಿನಿಂದ ಒಂದೊಂದಾಗಿ ಮೀಟಿ ತೆಗೆದು, ಒಣಗಿಸಿ, ಬಿಸಿಲು ಬೀಳದ ಮೂಲೆಯಲ್ಲಿ ಹಲಗೆಯ ಮೇಲೆ ಒಂದರ ಮೇಲೊಂದು ಮಲಗಿಸುತ್ತಿದ್ದ. ಮೇಲೊಂದು ಹಳೆಯ ದುಪ್ಪಟಿ. ಒಂದೊಂದಕ್ಕೂ ದಾರ ಕಟ್ಟಿದ ರಟ್ಟಿನ ಚೀಟಿ: ಎಡ ಮುಂದೆ, ಬಲ ಹಿಂದೆ. "ಎಳೆಗೂಸಿಗೂ ಇಷ್ಟು ಆರೈಕೆ ಮಾಡಲ್ಲ ಬಿಡಿ," ಎಂದು ಸತು ಛೇಡಿಸುತ್ತಿದ್ದಳು.

ಆ ಟೈರುಗಳನ್ನು ಆರಿಸಿದ್ದೂ ಅವನೇ. ಮೂರು ವರ್ಷದ ಹಿಂದೆ ಅಂಗಡಿಯವನು, ಪೇಟೆಯಲ್ಲಿ ಓಡಾಡುವವರಿಗೆ ಮೊಳೆಯಿಲ್ಲದ್ದೇ ಸಾಕು, ಸದ್ದೇ ಇರಲ್ಲ ಎಂದು ಪುಸಲಾಯಿಸಿದಾಗ, "ಸದ್ದು ಬೇಡ ಅನ್ನೋರು ಮನೇಲಿ ಬೆಚ್ಚಗೆ ಮಲಗಿರ್ಲಿ. ಈ ಹುಡುಗಿ ದಿನಾ ಬೆಳಿಗ್ಗೆ ಹೊಳೆ ಸೇತುವೆ ದಾಟ್ತಾಳೆ. ಮೊಳೆ ಟೈರೇ ಕೊಡಿ," ಎಂದು ಗದರಿಸಿ, ಅಂಚಿನಲ್ಲಿ ಒತ್ತಿದ್ದ, ತಯಾರಾದ ವಾರ-ವರ್ಷದ ಅಂಕಿಯನ್ನು ಕನ್ನಡಕ ಹಾಕಿಕೊಂಡು ನಾಲ್ಕರಲ್ಲೂ ಓದಿ ನೋಡಿದ್ದ. ಹುಡುಗಿಗೆ ಆಗ ನಲವತ್ತೈದು ವರ್ಷ.

ಟೈರಿನ ಕೆಲಸ ಮುಗಿದಮೇಲೆ ಆಲೂಗಡ್ಡೆ ಹಾಕಿದ ಮೀನಿನ ಸಾರು, ಕಾಫಿ, ಏಲಕ್ಕಿ ಬನ್ನು. ಅದಾದಮೇಲೆ ಅಡುಗೆಮನೆಯ ನಡುವೆ ಸ್ಟೂಲು ಎಳೆದು, ಅವನ ಹೆಗಲಿಗೆ ಟವೆಲು ಹೊದಿಸಿ ಸತು ಕೂದಲು ಕತ್ತರಿಸುತ್ತಿದ್ದಳು. ಪೇಟೆಯಲ್ಲಿ ಅವಳದೊಂದು ಚಿಕ್ಕ ಸಲೂನು ಇತ್ತು. "ನಿಮಗೂ ವೇಸಗೂ ಒಂದೇ ಜಾಗದಲ್ಲಿ ಸುಳಿ ಮಾವ. ಎಷ್ಟು ಬಾಚಿದ್ರೂ ಕೂರಲ್ಲ, ಹಟಮಾರಿ," ಎಂದು ಪ್ರತಿ ಸಲವೂ ಹೊಸದಾಗಿ ಕಂಡವಳ ಹಾಗೆ ಹೇಳುತ್ತಿದ್ದಳು. ಹೆಂಡತಿ ಹೋದಮೇಲೆ ತೌನೊನನ್ನು ಮುಟ್ಟಿ ಮಾತಾಡಿಸುವವರು ಬೇರೆ ಯಾರೂ ಇರಲಿಲ್ಲ. ವರ್ಷಕ್ಕೆ ಎರಡು ಸಲ ತಲೆಯ ಮೇಲೆ ಬೀಳುವ ಆ ಕೈಗಾಗಿ ಅವನು ಉಳಿದ ದಿನಗಳನ್ನು ಹೇಗೋ ದೂಡುತ್ತಿದ್ದ. ಅದನ್ನು ಯಾರಿಗೂ ಹೇಳಿರಲಿಲ್ಲ, ಅಷ್ಟೇ.

ಈ ಸಲ ಜೊತೆಯಲ್ಲಿ ಯರ್ಮೊ ಬಂದಿದ್ದ. ಪೇಟೆಯಲ್ಲಿ ನಲ್ಲಿ ಪೈಪಿನ ಕೆಲಸ ಮಾಡುವವನು, ಐವತ್ತರ ಆಸುಪಾಸು, ಅಗಲ ಮುಖ. ಬೇಸಗೆಯಿಂದ ಸತು ಅವನ ಮನೆಯಲ್ಲಿದ್ದಳು. ತೌನೊಗೆ ಅದು ಫೋನಿನಲ್ಲೇ ಗೊತ್ತಾಗಿತ್ತು, ಒಳ್ಳೇದಾಯ್ತಮ್ಮ ಎಂದೂ ಹೇಳಿದ್ದ. ಆದರೆ ಕಾರಿನಿಂದ ಇಳಿಯುತ್ತಲೇ ಯರ್ಮೊ, "ಯಜಮಾನ್ರೇ, ಇನ್ಮೇಲೆ ನಿಮಗೆ ಈ ತೊಂದ್ರೆ ಬೇಡ. ನಮ್ಮ ಗ್ಯಾರೇಜಿನಲ್ಲಿ ಬೆಚ್ಚಗೆ ಜಾಗ ಇದೆ, ಎಲ್ಲಾ ಟೈರೂ ಅಲ್ಲೇ ಇಟ್ಕೋತೀವಿ. ಹಾಕೋದೂ ನಾನೇ ಹಾಕ್ತೀನಿ," ಎಂದ. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು.

"ಟೈರಿಗೆ ಬೆಚ್ಚಗಿನ ಜಾಗ ಆಗಿಬರಲ್ಲ," ಎಂದ ತೌನೊ. ಅವರಿಬ್ಬರೂ ನಕ್ಕರು.

ಸತು ಗಡಿಯಾರ ನೋಡಿ, "ಊಟಕ್ಕೂ ನಿಲ್ಲೋಕಾಗಲ್ಲ ಮಾವ, ಇವರ ಅಕ್ಕನ ಮನೆಗೆ ಹೋಗ್ಬೇಕು. ಕೂದಲು ಇನ್ನೊಂದ್ಸಲ ಕಟ್ ಮಾಡ್ತೀನಿ, ಆಯ್ತಾ?" ಎಂದಳು. ಇನ್ನೊಂದು ಸಲ ಅಂದರೆ ಯಾವಾಗ? ಟೈರು ಇಲ್ಲಿರದಿದ್ದಮೇಲೆ ಯಾವ ನೆಪಕ್ಕೆ ಬಂದಾಳು? ಒಲೆಯ ಮೇಲೆ ಸಾರು ಬೆಳಗಿನಿಂದ ಕಾದಿತ್ತು. ತೌನೊ ಶೆಡ್ಡಿಗೆ ಹೋಗಿ ದುಪ್ಪಟಿ ಸರಿಸಿದ, ಮೇಲಿನ ಚಕ್ರದ ವಾಲ್ವಿನ ಮೇಲೆ ಹೆಬ್ಬೆರಳಿಟ್ಟ, ಅಷ್ಟರಲ್ಲಿ ಆ ಮಾತು ಹೊರಬಿದ್ದಿತ್ತು.

"ಮೂರು ಹಾಕಿ, ಒಂದು ಹಳೇದೇ ಇದ್ರೆ?" ಎಂದು ಕೇಳಿದ ಯರ್ಮೊ.

"ತಲೆ ಸರಿ ಇರೋರು ಹಾಗೆ ಮಾಡ್ತಾರಾ? ಬೆರಕೆ ಟೈರು ಹಾಕೋದಕ್ಕಿಂತ ಬೇಸಗೆದೇ ವಾಸಿ. ಮುಂದಿನ ಭಾನುವಾರ ಬನ್ನಿ, ವಾಲ್ವು ಬದಲಾಯಿಸಿ ಇಟ್ಟಿರ್ತೀನಿ."

"ಅಷ್ಟರಲ್ಲಿ ಮಂಜುಗಡ್ಡೆ ಕಟ್ಟಿದ್ರೆ ಮಾವ?"

ಅಂದು ಬೆಳಿಗ್ಗೆ ಮಳೆನೀರಿನ ಪೀಪಾಯಿಯ ಮೇಲೆ ಗಾಜಿನಷ್ಟು ತೆಳ್ಳಗೆ ಗಡ್ಡೆ ಕಟ್ಟಿದ್ದನ್ನು ತೌನೊ ಕಂಡಿದ್ದ. ಬೆರಳಿನಿಂದ ಅದುಮಿ ಒಡೆದೂ ಇದ್ದ. "ಈ ವಾರ ಕಟ್ಟಲ್ಲ," ಎಂದ. "ಕೆರೆ ಇನ್ನೂ ಬೆಚ್ಚಗಿದೆ. ಗಾಳಿ ತೆಂಕಲಿಂದ ಬೀಸ್ತಿದೆ."

"ಮಾವ ಹೇಳಿದಮೇಲೆ ಮುಗೀತು," ಎಂದು ಸತು ಯರ್ಮೊನ ತೋಳು ತಟ್ಟಿದಳು. ಹೋಗುವಾಗ ತೌನೊನ ತಲೆಯ ಹಿಂಭಾಗಕ್ಕೆ ಕೈ ಹಾಕಿ, "ಕಾಡುಮನುಷ್ಯನ ಥರ ಆಗಿದೀರಿ. ಭಾನುವಾರ ನೋಡ್ಕೋತೀನಿ ನಿಮ್ಮನ್ನ," ಎಂದಳು. ಅವರು ಹೋದಮೇಲೆ ತೌನೊ ಸಾರು ಬಡಿಸಿಕೊಂಡು ಎರಡು ತಟ್ಟೆ ಉಂಡ. ನಾಚಿಕೆಯಾಗುತ್ತಿತ್ತು, ಆದರೆ ಸಂತೋಷವೂ ಆಗುತ್ತಿತ್ತು. ಒಂದು ವಾರದ ಮಾತು ತಾನೇ ಎಂದುಕೊಂಡ.

ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಯರ್ಮೊನ ಫೋನು ಬಂತು. ಸೇತುವೆಯ ಮೇಲೆ ಕಾರು ಜಾರಿ ಕಂಬಿಗೆ ಬಡಿದಿತ್ತು. ಜೀವಕ್ಕೇನೂ ಇಲ್ಲ, ಬಲಗೈ ಮಣಿಕಟ್ಟು ಮಾತ್ರ ಪುಡಿಯಾಗಿದೆ, ಆಪರೇಷನ್ನಿಗೆ ಕರೆದುಕೊಂಡು ಹೋಗಿದ್ದಾರೆ ಎಂದ. "ರಸ್ತೆಯೆಲ್ಲ ಒಣಗಿತ್ತಂತೆ ಯಜಮಾನ್ರೇ. ಸೇತುವೆ ಮೇಲೆ ಮಾತ್ರ ಗಡ್ಡೆ." ಅದನ್ನು ತೌನೊಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೊದಲು ಸೇತುವೆ ಗಡ್ಡೆ ಕಟ್ಟುತ್ತದೆ, ಕೆಳಗಿನಿಂದಲೂ ಗಾಳಿ ಹೊಡೆಯುತ್ತದಲ್ಲ ಎಂದು ಕೆಲಸಕ್ಕೆ ಹೊಸದಾಗಿ ಸೇರಿದವರಿಗೆಲ್ಲ ಮೂವತ್ತೆಂಟು ವರ್ಷ ಅವನೇ ಹೇಳಿಕೊಟ್ಟಿದ್ದ.

ಎಲ್ಲವನ್ನೂ ಹೇಳಿಬಿಡುವುದೆಂದು ಆಗಲೇ ತೀರ್ಮಾನಿಸಿದ. ಗುರುವಾರ ಆಸ್ಪತ್ರೆಗೆ ಹೋಗಲು ಕೋಟು ಹಾಕಿಕೊಂಡು ಬಸ್ ನಿಲ್ದಾಣದವರೆಗೂ ಬಂದ. ಬಸ್ಸು ಬಂದು ನಿಂತಿತು, ಬಾಗಿಲು ತೆರೆಯಿತು. ಅವನು ಹತ್ತಲಿಲ್ಲ. ಡ್ರೈವರು ಪರಿಚಯದವನೇ, "ಏನಣ್ಣ, ಸುಮ್ನೆ ಗಾಳಿಗೆ ಬಂದ್ಯಾ?" ಎಂದು ಕೇಳಿ ನಕ್ಕು ಹೊರಟುಹೋದ. ಹೇಡಿ, ಹೇಡಿ ಎಂದು ತನ್ನನ್ನೇ ಬೈದುಕೊಳ್ಳುತ್ತ ತೌನೊ ಮನೆಗೆ ನಡೆದ.

ಭಾನುವಾರ ಯರ್ಮೊನ ಕೆಲಸದ ವ್ಯಾನು ಬಂತು. ಅವನೊಬ್ಬನೇ ಬರುತ್ತಾನೆಂದು ತೌನೊ ಎಣಿಸಿದ್ದ. ಆದರೆ ಈಚೆ ಬಾಗಿಲಿನಿಂದ ಸತು ಇಳಿದಳು. ಮುಖ ಬಿಳಿಚಿಕೊಂಡಿತ್ತು. ಬಲಗೈ ಮೊಣಕೈವರೆಗೂ ಪಟ್ಟಿಯಲ್ಲಿತ್ತು, ಬೆರಳ ತುದಿಗಳು ಮಾತ್ರ ಊದಿಕೊಂಡು ಹೊರಗೆ ಕಾಣುತ್ತಿದ್ದವು.

"ಬರಬೇಡ ಅಂದೆ, ಕೇಳಬೇಕಲ್ಲ," ಎಂದ ಯರ್ಮೊ.

"ಸಾರು ಬಿಟ್ಕೊಡೋಕಾಗತ್ತಾ?" ಎಂದಳು ಸತು. ಎಡಗೈಯಿಂದ ತೌನೊನನ್ನು ತಬ್ಬಿಕೊಂಡಳು. ಅವನು ಮರದ ಕೊರಡಿನ ಹಾಗೆ ನಿಂತಿದ್ದ.

ಊಟಕ್ಕೆ ಕೂತರು. ಸತು ಎಡಗೈಯಲ್ಲಿ ಚಮಚ ಹಿಡಿದು ಮೇಜಿನ ಮೇಲೆಲ್ಲ ಚೆಲ್ಲಿಕೊಂಡು, ತಾನೇ ನಗುತ್ತಿದ್ದಳು. ಕೈಯೊಳಗೆ ಪ್ಲೇಟು ಇಟ್ಟು ಸ್ಕ್ರೂ ಹೊಡೆದಿದ್ದಾರೆ, ಮೂಳೆಯೇನೋ ಕೂಡುತ್ತದೆ, ಆದರೆ ನರಕ್ಕೆ ಪೆಟ್ಟಾಗಿದೆ, ಹೆಬ್ಬೆರಳು ಮೊದಲಿನ ಹಾಗೆ ಬಗ್ಗುವುದು ಕಷ್ಟ ಎಂದರಂತೆ ಡಾಕ್ಟರು.

"ಅಂದ್ರೆ ಕತ್ತರಿ?" ಎಂದು ಕೇಳಿದ ತೌನೊ.

"ಸಲೂನು ನೋಡ್ಕೊಳ್ಳೋಕೆ ಒಬ್ಬಳನ್ನ ಹುಡುಕ್ತಿದೀನಿ. ಆಮೇಲೆ ನೋಡೋಣ." ಅವಳು ಬಟ್ಟಲು ನೋಡುತ್ತ ಹೇಳಿದಳು. ಮತ್ತೆ ತಲೆಯೆತ್ತಿ, "ನಿಮ್ಮ ಕೂದಲಿಗೇ ಬೇಜಾರು ಮಾವ. ಮಾತು ಕೊಟ್ಟಿದ್ದೆ," ಎಂದಳು.

ತೌನೊ ಚಮಚ ಕೆಳಗಿಟ್ಟ. ಈಗ ಹೇಳಬೇಕು, ಈ ಕ್ಷಣ ಬಿಟ್ಟರೆ ಇಲ್ಲ ಎನ್ನಿಸಿತು. "ಸತು, ಹೋದ ಭಾನುವಾರ ನಾನು..."

"ಬೇಡ ಮಾವ, ಅದನ್ನ ಮನಸ್ಸಿಗೆ ಹಚ್ಕೋಬೇಡಿ," ಎಂದು ಅವಳು ತಡೆದಳು. "ಕೆಟ್ಟುಹೋದ ಟೈರು ಹಾಕಿ ಕಳಿಸಿದ್ರೆ ಅದು ನಿಮ್ಮ ತಪ್ಪು. ನೀವು ನೋಡಿ, ಕಂಡುಹಿಡಿದು, ಬೇಡ ಅಂದ್ರಿ. ಮಂಜಿನ ವಿಷಯ ಯಾರ ಕೈಲಿದೆ? ಸೋಮವಾರ ಇವರು ಎಲ್ಲಿಂದಾದ್ರೂ ಒಂದು ಸೆಟ್ ತಂದು ಹಾಕಿಸ್ತೀನಿ ಅಂದ್ರು. ನಾನೇ ಜಗಳ ಆಡ್ದೆ. ಮಾವ ಕಟ್ಟಲ್ಲ ಅಂದಮೇಲೆ ಕಟ್ಟಲ್ಲ, ನಿಮಗೇನು ಗೊತ್ತು ಅಂತ."

ಯರ್ಮೊ ಬನ್ನನ್ನು ಎರಡು ತುಂಡು ಮಾಡಿ ಒಂದನ್ನು ಸತುವಿನ ತಟ್ಟೆಗೆ ಇಟ್ಟ. ತೌನೊ ಎದ್ದು ಕಾಫಿ ಕಾಯಿಸಲು ಹೋದ. ಇಬ್ಬರಿಗೂ ಬೆನ್ನು ಮಾಡಿ, ನೀರು ಕುದಿದು ಉಕ್ಕುವವರೆಗೂ ಒಲೆಯ ಮುಂದೆಯೇ ನಿಂತ.

ಆಮೇಲೆ ಚಕ್ರಗಳನ್ನು ವ್ಯಾನಿಗೆ ಹಾಕುವ ಕೆಲಸ. ನೀಲಿ ಕಾರು ರಿಪೇರಿಗೆ ಹೋಗಿತ್ತು, ಬಂದಮೇಲೆ ಯರ್ಮೊನೇ ಹಾಕುವವನು. ಅವನು ಜೇಬಿನಿಂದ ಗಾಳಿ ಅಳೆಯುವ ಗೇಜು ತೆಗೆದು ನಾಲ್ಕು ವಾಲ್ವಿಗೂ ಒತ್ತಿ ನೋಡಿದ. "ಎಲ್ಲ ಒಂದೇ ಸಮ ಇದೆಯಲ್ಲ!" ಎಂದ. ತೌನೊನ ಮುಖ ನೋಡಿದ. ಆ ನೋಟದಲ್ಲಿ ಏನಿತ್ತೋ ಏನಿರಲಿಲ್ಲವೋ, ತೌನೊಗೆ ಕೊನೆಗೂ ತಿಳಿಯಲಿಲ್ಲ.

"ಮಾವ ರಿಪೇರಿ ಮಾಡಿದಾರಲ್ಲ, ಇರದೆ ಏನು?" ಎಂದಳು ಸತು. "ಯಾವುದು ಮಾವ, ಅದು?"

ನಾಲ್ಕು ಚಕ್ರಗಳು ನೆಲದ ಮೇಲೆ ಸಾಲಾಗಿದ್ದವು. ನಾಲ್ಕೂ ತೊಳೆದವು, ನಾಲ್ಕೂ ಗಟ್ಟಿಮುಟ್ಟು, ಒಂದೊಂದು ಮೊಳೆಯೂ ಇದ್ದ ಜಾಗದಲ್ಲೇ ಇತ್ತು. ತೌನೊ ಕೈ ಎತ್ತಿದ. ಎತ್ತಿದ ಕೈ ಎಲ್ಲಾದರೂ ಇಳಿಯಬೇಕಲ್ಲ. ಎರಡನೆಯದರ ಮೇಲೆ ಇಳಿಯಿತು.

"ನಾಳೆ ಅಂಗಡಿಲಿ ಒಂದು ಹೊಸ ವಾಲ್ವು ಹಾಕಿಸಿಬಿಡ್ತೀನಿ. ಬೇಜಾರು ಮಾಡ್ಕೋಬೇಡಿ ಯಜಮಾನ್ರೇ, ನನ್ನ ಸಮಾಧಾನಕ್ಕೆ," ಎಂದ ಯರ್ಮೊ. ಅಂಗಿಯ ಜೇಬಿನಿಂದ ಪೈಪಿಗೆ ಗುರುತು ಹಾಕುವ ಹಳದಿ ಸೀಮೆಸುಣ್ಣ ತೆಗೆದು, ಆ ಟೈರಿನ ಪಕ್ಕೆಯ ಮೇಲೆ ದೊಡ್ಡದಾಗಿ ಅಡ್ಡಡ್ಡ ಎರಡು ಗೀಟು ಎಳೆದ. ಆಮೇಲೆ ಒಂದೊಂದಾಗಿ ಎತ್ತಿ ವ್ಯಾನಿನೊಳಕ್ಕೆ ಸರಿಸಿದ. ಗೀಟು ಹಾಕಿದ್ದು ಕೊನೆಗೆ ಹೋಯಿತು.

ಸತು ಮುಂದಿನ ಸೀಟಿನಲ್ಲಿ ಕೂತು ಕಿಟಕಿ ಇಳಿಸಿದಳು. ತೌನೊ ಕಿಟಕಿಯ ಅಂಚನ್ನು ಹಿಡಿದುಕೊಂಡ. ಬಿಡಲೇ ಇಲ್ಲ. ಯರ್ಮೊ ಇಂಜಿನ್ನು ಚಾಲೂ ಮಾಡಿ, ಮತ್ತೆ ಆರಿಸಿ, ಕಾದ.

"ಏನು ಮಾವ?"

ಅವಳ ಪಟ್ಟಿ ಕಟ್ಟಿದ ಕೈ ಮಡಿಲಲ್ಲಿ ಅಂಗಾತ ಮಲಗಿತ್ತು.

"ಟೈರು ಹಾಕಿ ಐವತ್ತು ಕಿಲೋಮೀಟರು ಓಡಿಸಿದಮೇಲೆ," ಎಂದ ತೌನೊ, "ನಟ್ಟುಗಳನ್ನ ಇನ್ನೊಂದ್ಸಲ ಬಿಗಿ ಮಾಡ್ಬೇಕು. ಮರೀಬೇಡಿ."

"ಸರಿ ಮಾವ."

"ಮರೀಬೇಡಿ," ಎಂದ ಮತ್ತೆ.

ವ್ಯಾನು ಇಳಿಜಾರಿನಲ್ಲಿ ಮೆಲ್ಲಗೆ ಇಳಿಯಿತು. ಹಿಂದಿನ ಗಾಜಿನಲ್ಲಿ ಹಳದಿ ಗೀಟುಗಳು, ತಿರುವು ಬರುವ ತನಕ, ಕಾಣುತ್ತಲೇ ಇದ್ದವು.